ಎಣ್ಣೆ ಮಂಚದ ಎಡಬದಿ

ದ್ವೇಷ ಮಾಡುವುದಕ್ಕೂ ಒಂದು ಶಿಸ್ತು ಬೇಕು. ಕೆಲವರು ವರ್ಷಕ್ಕೊಮ್ಮೆ ಜಗಳವಾಡಿ, ಮಿಕ್ಕ ದಿನ ಮರೆತು, ಕಡೆಗೆ ಯಾಕೆ ಜಗಳವಾಡಿದ್ದೆಂಬುದೇ ನೆನಪಿಲ್ಲದೆ ನಕ್ಕುಬಿಡುತ್ತಾರೆ. ಎಡದಣ್ಣ ಅಂಥ ಸೋಮಾರಿಗಳ ಸಾಲಿಗೆ ಸೇರಿದವನಲ್ಲ. ಬೆಳಗ್ಗೆ ಕೆಲಸಕ್ಕೆ ಬಂದು ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿದ ಗಳಿಗೆಯಿಂದ ಸಂಜೆ ಕೈ ತೊಳೆಯುವವರೆಗೆ, ಒಂದು ದಿನವೂ ರಜೆ ಹಾಕದೆ, ಅವನು ತನ್ನ ಷಡ್ಡಕನನ್ನು ದ್ವೇಷಿಸುತ್ತಿದ್ದ. ಆ ಹೊತ್ತಿನುದ್ದಕ್ಕೂ ಷಡ್ಡಕನೂ ಒಂದು ತೋಳಿನಷ್ಟು ದೂರದಲ್ಲಿ, ಎದುರಿಗೇ, ಸೊಂಟಕ್ಕೆ ಬಟ್ಟೆ ಬಿಗಿದು ನಿಂತು ಅದೇ ಶ್ರದ್ಧೆಯಿಂದ ಇವನನ್ನು ದ್ವೇಷಿಸುತ್ತಿದ್ದ. ಇಬ್ಬರ ನಡುವೆ ಇರುತ್ತಿದ್ದುದು ಒಂದು ಮರದ ಮಂಚ, ಅದರ ಮೇಲೆ ಎಣ್ಣೆಯಲ್ಲಿ ಮಿಂದು ಕಣ್ಣು ಮುಚ್ಚಿದ ಯಾರೋ ಒಬ್ಬ ರೋಗಿ.

ಅದೊಂದು ಆಯುರ್ವೇದ ಚಿಕಿತ್ಸಾಲಯ. ಮುಂದಿನ ಕೋಣೆಯಲ್ಲಿ ಡಾಕ್ಟರು, ಅವರ ಬೆನ್ನ ಹಿಂದೆ ಗಾಜಿನ ಭರಣಿಗಳಲ್ಲಿ ಬೇರು, ತೊಗಟೆ, ಚೂರ್ಣ. ಹಿಂದೆ ಉದ್ದನೆಯ ಕಾರಿಡಾರು. ಒಂದು ಕಡೆ ಎಣ್ಣೆಕೋಣೆಗಳು, ಇನ್ನೊಂದು ಕಡೆ ಹಬೆಪೆಟ್ಟಿಗೆಯ ಕೋಣೆ, ತುದಿಯಲ್ಲಿ ಕಷಾಯ ಕುದಿಯುವ ಅಡುಗೆಮನೆ, ಅದರಾಚೆ ಸಾಲಾಗಿ ಕಕ್ಕಸುಗಳು. ಬೇರೆ ಆಸ್ಪತ್ರೆಗಳಲ್ಲಿ ಕಕ್ಕಸನ್ನು ಎಲ್ಲೋ ಮೂಲೆಯಲ್ಲಿ ನಾಚಿಕೊಂಡು ಕಟ್ಟಿರುತ್ತಾರೆ. ಇಲ್ಲಿ ಅವಕ್ಕೆ ಸಿಂಹಾಸನದ ಮರ್ಯಾದೆ. ಡಾಕ್ಟರು ಹೊಸಬರಿಗೆಲ್ಲ ಹೇಳುತ್ತಿದ್ದ ಮಾತು ಒಂದೇ: ನೀವು ಮನೆಗೆ ಬಣ್ಣ ಹೊಡೆಸುತ್ತೀರಿ, ಮೋರಿ ತೊಳೆಸುವುದಿಲ್ಲ. ದೇಹಶುದ್ಧಿಯೆಂದರೆ ಮೊದಲು ಎಣ್ಣೆ, ಆಮೇಲೆ ಹಬೆ, ಆಮೇಲೆ ಭೇದಿ, ಕಡೆಗೆ ನಳಿಕೆಯಿಂದ ಹಿಂಬಾಗಿಲಿಗೆ ಔಷಧಿ ಏರಿಸುವ ಬಸ್ತಿ. ಎಣ್ಣೆ ಒಳಗಿನ ಕೊಳೆಯನ್ನು ಸಡಿಲಿಸುತ್ತದೆ, ಹಬೆ ಕರಗಿಸುತ್ತದೆ, ಮಿಕ್ಕದ್ದು ಆ ಸಿಂಹಾಸನಗಳ ಜವಾಬ್ದಾರಿ. ಹೊಟ್ಟೆ ಮುಂದೆ ಬಿಟ್ಟುಕೊಂಡು ದಂಡಯಾತ್ರೆಗೆ ಹೊರಟವರಂತೆ ಬಂದ ದೊಡ್ಡ ಮನುಷ್ಯರು ಒಂದು ವಾರದ ಮೇಲೆ, ರಾಜ್ಯ ಕೋಶ ಎಲ್ಲವನ್ನೂ ಒಪ್ಪಿಸಿಕೊಟ್ಟ ಅರಸರಂತೆ ಗೋಡೆ ಹಿಡಿದು ಓಡಾಡುವುದನ್ನು ನೋಡುವುದೇ ಒಂದು ಭಾಗ್ಯ.

ಎಣ್ಣೆ ಉಜ್ಜುವ ಕೆಲಸ ಒಬ್ಬನದಲ್ಲ, ಜೋಡಿಯದು. ಒಬ್ಬ ರೋಗಿಯ ಬಲಕ್ಕೆ, ಇನ್ನೊಬ್ಬ ಎಡಕ್ಕೆ. ಬಲಗೈ ಭುಜದಿಂದ ಮಣಿಕಟ್ಟಿಗೆ ಇಳಿಯುವಾಗ ಎಡಗೈಯೂ ಇಳಿಯಬೇಕು. ಬಲ ಮೊಣಕಾಲಿನ ಸುತ್ತ ಬೆರಳು ತಿರುಗುವಾಗ ಎಡ ಮೊಣಕಾಲಿನ ಸುತ್ತಲೂ ತಿರುಗಬೇಕು. ಒತ್ತಡ ಒಂದೇ, ಬಿಸಿ ಒಂದೇ, ವೇಗ ಒಂದೇ. ಮಲಗಿದವನಿಗೆ ಇಬ್ಬರಿದ್ದಾರೆಂಬುದೇ ಮರೆತುಹೋಗಬೇಕು. ರೋಗಿ ಮಗ್ಗುಲು ತಿರುಗಿ ಬೋರಲು ಮಲಗಿದರೆ ಇಬ್ಬರೂ ಮಂಚ ಸುತ್ತಿ ಜಾಗ ಬದಲಿಸುತ್ತಾರೆ. ದೇಹದ ಎಡ ಯಾವತ್ತೂ ಎಡದವನಿಗೇ. ಇಷ್ಟು ಸಾಲದೆಂಬಂತೆ ಇನ್ನೊಂದು ನಿಯಮವಿತ್ತು. ಶುರು ಮಾಡುವವನು ಬಲದವನು. ಅವನ ಕೈ ಎತ್ತ ಹೋಗುತ್ತದೋ ಎಡದವನ ಕೈ ಅತ್ತ ಹೋಗಬೇಕು. ಬಲದವನು ಯಜಮಾನ, ಎಡದವನು ಅವನ ಕನ್ನಡಿ.

ಎಡದಣ್ಣ ಇಪ್ಪತ್ತು ವರ್ಷದಿಂದ ಕನ್ನಡಿ.

ಅದಕ್ಕೂ ಮುಂಚೆ ಅವನು ಇಸ್ತ್ರಿ ಅಂಗಡಿಯಲ್ಲಿದ್ದ. ಕೆಂಡ ತುಂಬಿದ ಪೆಟ್ಟಿಗೆಯನ್ನು ಅಂಗಿಯ ಮೇಲೆ ಅವನು ತಿರುಗಿಸುತ್ತಿದ್ದ ರೀತಿಯನ್ನು ಒಂದು ದಿನ ಚಿಕಿತ್ಸಾಲಯದ ಹಿರಿಯ ಎಣ್ಣೆಯವರು ನೋಡಿದರು. ಅವರ ಕಣ್ಣು ಅಂಗಿಯ ಮೇಲಿರಲಿಲ್ಲ, ಮಣಿಕಟ್ಟಿನ ಮೇಲಿತ್ತು. ಅವರ ಮನೆಯಲ್ಲಿ ಕಿರಿಮಗಳಿದ್ದಳು, ಚಿಕಿತ್ಸಾಲಯದಲ್ಲಿ ಎಡಬದಿ ಖಾಲಿಯಿತ್ತು. ಎರಡನ್ನೂ ಒಂದೇ ಸಲಕ್ಕೆ ಕೊಟ್ಟುಬಿಟ್ಟರು. ಹಿರಿಮಗಳನ್ನೂ ಬಲಬದಿಯನ್ನೂ ಅವರು ಆಗಲೇ ಇನ್ನೊಬ್ಬನಿಗೆ ದಾಟಿಸಿಯಾಗಿತ್ತು. ಅವನು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನು, ಹೆಗಲು ಬಾಗಿಲಿನಷ್ಟು ಅಗಲ. ಚಿಕಿತ್ಸಾಲಯದವರು ಒಬ್ಬನನ್ನು ಬಲದಣ್ಣ ಎಂದರು, ಇನ್ನೊಬ್ಬನನ್ನು ಎಡದಣ್ಣ ಎಂದರು. ಸ್ವಂತ ಹೆಸರುಗಳು ಅವರವರ ಹೆಂಡಂದಿರಿಗೂ ನೆನಪು ಮಾಡಿಕೊಂಡು ಹೇಳುವ ಸ್ಥಿತಿಗೆ ಬಂದವು.

ಮಾವ ಬದುಕಿರುವವರೆಗೆ ಇಬ್ಬರೂ ಹಲ್ಲು ಕಚ್ಚಿಕೊಂಡು ಭಾವ, ತಮ್ಮ ಎಂದು ಕರೆದುಕೊಂಡರು. ಮಾವ ಹೋದ ಮೇಲೆ ಆ ಕರ್ಮವೂ ತಪ್ಪಿತು. ಆಮೇಲೊಂದು ದಿನ ಬಟ್ಟೆ ಅಂಗಡಿಯ ಯಜಮಾನ ಮಂಚದ ಮೇಲಿದ್ದಾಗ ಬಲದಣ್ಣ ಯಾವ ಸುಳಿವೂ ಕೊಡದೆ ಮೊಣಕಾಲನ್ನು ಬಿಟ್ಟು ನೇರ ಪಾದಕ್ಕೆ ಹಾರಿದ. ಎಡದಣ್ಣನ ಬೆರಳುಗಳು ಎಡ ಮೊಣಕಾಲಿನ ಸುತ್ತ ಒಂಟಿಯಾಗಿ, ಜಾತ್ರೆ ಮುಗಿದ ಮೇಲೂ ತಿರುಗುವ ತೊಟ್ಟಿಲಿನಂತೆ ತಿರುಗುತ್ತಲೇ ಇದ್ದವು. ಯಜಮಾನ ಕಣ್ಣು ಬಿಟ್ಟ. ಬಲದಣ್ಣ ಮರುಕ ತುಂಬಿದ ದನಿಯಲ್ಲಿ, "ಏನೂ ತಿಳ್ಕೋಬೇಡಿ ಸಾರ್, ಅವನಿಗೆ ತೋರಿಸಿಕೊಟ್ಟಷ್ಟೇ ಬರೋದು" ಎಂದ.

ಅಂದಿನಿಂದ ಇಬ್ಬರಿಗೂ ನೇರ ಮಾತಿಲ್ಲ. ಆದರೆ ಕೆಲಸ ನಡೆಯಬೇಕಲ್ಲ. ಎಣ್ಣೆ ಬಟ್ಟಲು ಆ ಕಡೆಯಿಂದ ಈ ಕಡೆಗೆ ಬರಬೇಕು, ಒಲೆ ಸಣ್ಣಗೆ ಮಾಡಬೇಕು. ಅದಕ್ಕೆಲ್ಲ ರೋಗಿಗಳೇ ಟೆಲಿಫೋನು. "ಸಾರ್, ಆ ಕಡೆ ಇರೋರಿಗೆ ಸ್ವಲ್ಪ ಹೇಳಿ, ಇದು ಕಾಲು, ಅಂಗಿ ತೋಳಲ್ಲ. ಮಡಿಕೆ ತೆಗೆಯೋದು ಬೇಡ" ಎಂದು ಬಲದಣ್ಣ ಶುರು ಮಾಡಿದರೆ, ಎಡದಣ್ಣ ಅದೇ ರೋಗಿಯ ಇನ್ನೊಂದು ಕಿವಿಗೆ, "ನೀವೇ ಹೇಳಿ ಸಾರ್, ನಾದಿ ಉಬ್ಬೋದಕ್ಕೆ ಮುಚ್ಚಿಟ್ಟು ಹೋಗೋದಕ್ಕೆ ನೀವೇನು ಬ್ರೆಡ್ಡಾ?" ಎನ್ನುತ್ತಿದ್ದ. ವಾತ ಪಿತ್ತಗಳ ಶಮನಕ್ಕೆ ಬಂದ ಪಾಪದವರು ಎರಡು ಸೈನ್ಯಗಳ ನಡುವೆ ಗಡಿಯಾಗಿ ಮಲಗಿರುತ್ತಿದ್ದರು.

ಕೇಳಿದರೆ ನಂಬುವುದು ಕಷ್ಟ, ಆದರೂ ಆ ಜೋಡಿಯೇ ಚಿಕಿತ್ಸಾಲಯದ ಹೆಮ್ಮೆ. ಜನ ಕಾದು ಅವರ ಮಂಚವನ್ನೇ ಕೇಳಿ ಮಲಗುತ್ತಿದ್ದರು. ಬಲದಣ್ಣ ಎಲ್ಲಿ ಎಡವಿಸುತ್ತಾನೋ ಎಂದು ಎಡದಣ್ಣ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಬೆರಳನ್ನೇ ನೋಡುತ್ತಿದ್ದ. ಪ್ರೀತಿಸಿ ಮದುವೆಯಾದವರೂ ಒಬ್ಬರನ್ನೊಬ್ಬರು ಅಷ್ಟು ಏಕಾಗ್ರತೆಯಿಂದ ನೋಡಿರಲಾರರು. ಆ ಭಯದಲ್ಲಿ ಅವನ ಎಡಬದಿ ಎಷ್ಟು ಪಳಗಿತೆಂದರೆ, ಎಡಗಡೆ ಭುಜ ಹಿಡಿದವರು, ಎಡಗಡೆ ಸೊಂಟ ಹಿಡಿದವರು ಅವನ ಹೆಸರು ಹೇಳಿಕೊಂಡು ಬರತೊಡಗಿದರು. ಆ ಕೀರ್ತಿ ಅವನಿಗೆ ಬೇಕಿರಲಿಲ್ಲ ಎಂದಲ್ಲ. ಆದರೆ ಅವನಿಗೆ ಬದುಕಿನಲ್ಲಿ ನಿಜವಾಗಿ ಬೇಕಾಗಿದ್ದದ್ದು ಒಂದೇ: ಬಲಬದಿ. ಒಮ್ಮೆಯಾದರೂ ತಾನು ಶುರು ಮಾಡಬೇಕು, ಇನ್ನೊಬ್ಬ ಹಿಂಬಾಲಿಸಬೇಕು.

ಆ ಅವಕಾಶ ಒಂದು ಟವೆಲಿನ ರೂಪದಲ್ಲಿ ಬಂತು. ಕಾರಿಡಾರಿನಲ್ಲಿ ಬಿದ್ದಿದ್ದ ಟವೆಲನ್ನು ಎತ್ತಿಕೊಳ್ಳಲು ಬಲದಣ್ಣ ಬಗ್ಗಿದ, ಬಗ್ಗಿದವನು ಹಾಗೇ ಉಳಿದ. ಎಡದಣ್ಣ ಕಷಾಯದ ಚೊಂಬು ಹಿಡಿದು ಬರುತ್ತಿದ್ದವನು ಮೊದಲು ನೋಡಿದ್ದು ಒಂದು ಅಗಲವಾದ ಪೃಷ್ಠಭಾಗ. ಅದರ ಒಡೆಯ ಯಾರೆಂದು ತಿಳಿದಾಗ ಅವನ ಎದೆಯಲ್ಲಿ ವಾದ್ಯಗಳು ಮೊಳಗಿದವು. ಅವನು ಅವಸರ ಮಾಡಲಿಲ್ಲ. ಚೊಂಬನ್ನು ಅಡುಗೆಮನೆಗೆ ತಲುಪಿಸಿ, ಒಲೆ ಸರಿಯಾಗಿದೆಯೇ ನೋಡಿ, ಕೈ ಒರೆಸಿಕೊಂಡು, ಆಮೇಲೆ ಎಲ್ಲರನ್ನೂ ಕರೆದ.

ಆ ದಿನ ಮನೆಗೆ ಹೋದವನು ಎರಡೆರಡು ಸಲ ಬಡಿಸಿಕೊಂಡು ಉಂಡ. ಕೆಳಗಿನ ಮನೆಯಲ್ಲಿದ್ದ ಅಕ್ಕನನ್ನು ಸಮಾಧಾನ ಮಾಡಿ ಆಗಷ್ಟೇ ಮೇಲೆ ಬಂದಿದ್ದ ಹೆಂಡತಿ ತಟ್ಟೆಯನ್ನೇ ನೋಡುತ್ತ ನಿಂತಳು.

"ಭಾವ ನೆಲ ಹಿಡಿದಿದ್ದಾರೆ, ನಿಮಗೆ ಹಸಿವು ಜಾಸ್ತಿ ಆಯ್ತಾ?"

"ಎತ್ತಿ ಎತ್ತಿ ಸುಸ್ತಾಗಿದೆ ಕಣೆ. ಅವನ ತೂಕ ಏನು ಕಮ್ಮಿನಾ?"

"ಎತ್ತಿದ್ದು ಅಡುಗೆಯವನು ಮತ್ತೆ ಡ್ರೈವರು ಅಂತ ಅಕ್ಕ ಹೇಳಿದ್ಲು. ನೀವು ಬಾಗಿಲು ಹಿಡ್ಕೊಂಡಿದ್ರಂತೆ."

"ಬಾಗಿಲು ಹಿಡಿಯೋದಕ್ಕೂ ಜನ ಬೇಕಲ್ವಾ?" ಎಂದು ಎಡದಣ್ಣ ಮೂರನೇ ಸಲ ಬಡಿಸಿಕೊಂಡ.

ಮರುದಿನ ಡಾಕ್ಟರು ಅವನನ್ನು ಕರೆಸಿದರು. ತಮ್ಮಲ್ಲಿ ಎಣ್ಣೆ ಹಚ್ಚುವವನೇ ಬೆನ್ನು ಹಿಡಿದು ಬೇರೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡರೆ ನಾಳೆಯಿಂದ ಈ ಬಾಗಿಲಿಗೆ ಯಾರು ಬಂದಾರು ಎಂಬುದು ಅವರ ಚಿಂತೆ. ಆದ್ದರಿಂದ ಬಲದಣ್ಣನಿಗೆ ಇಲ್ಲಿಯೇ, ಎಣ್ಣೆಯಿಂದ ಬಸ್ತಿಯವರೆಗೆ, ಪೂರ್ತಿ ಚಿಕಿತ್ಸೆ. ಮಂಚದ ಬಲಕ್ಕೆ ಎಡದಣ್ಣ ನಿಲ್ಲಬೇಕು. ಎಡಕ್ಕೆ ಪಕ್ಕದ ಕೋಣೆಯ ಎಡದವನನ್ನು ಕರೆಸುತ್ತಾರೆ. ಆ ಪಕ್ಕದ ಕೋಣೆಯವನಿಗೆ ಆಕಳಿಕೆ ಎಂದು ಹೆಸರು. ಅವನು ಬಾಯಿ ತೆರೆದರೆ ರೋಗಿಗಳಿಗೂ ನಿದ್ದೆ ಬರುತ್ತಿತ್ತು, ಹಾಗಾಗಿ ಅವನ ಕೆಲಸ ಚೆನ್ನಾಗಿದೆಯೆಂದೇ ಎಲ್ಲರೂ ತಿಳಿದಿದ್ದರು.

"ಅವನ ಬೆನ್ನು ನೆಟ್ಟಗಾದ್ರೆ ಅವನ ಜಾಗ ಅವನಿಗೆ" ಎಂದರು ಡಾಕ್ಟರು. "ಆಗಲಿಲ್ಲ ಅಂದ್ರೆ ಬಲಗಡೆ ಇನ್ಮೇಲೆ ನಿನ್ನದೇ. ನಿನ್ನ ಕೈಲಾದಷ್ಟು ಮಾಡು."

ಕೈಲಾದಷ್ಟು ಮಾಡಿದರೆ ಕೈಗೆ ಬಂದದ್ದು ಹೋಗುತ್ತದೆ, ಮಾಡದಿದ್ದರೆ ಉಳಿಯುತ್ತದೆ. ಇಂಥ ಇಕ್ಕಟ್ಟಿನಲ್ಲಿ ದೊಡ್ಡ ವೀರರೆಲ್ಲ ಶಸ್ತ್ರ ಕೆಳಗಿಟ್ಟು ಚಿಂತಿಸುತ್ತಾರಂತೆ. ಎಡದಣ್ಣ ಹಾಗೇನೂ ಚಿಂತಿಸಲಿಲ್ಲ. ಬೋರಲು ಬಿದ್ದ ವೈರಿಯ ಬೆನ್ನ ಮೇಲೆ, ಬಲಬದಿಯಿಂದ, ತನ್ನ ಎರಡು ಕೈ. ಇದಕ್ಕಿಂತ ಮುಂದಿನದನ್ನು ಅವನು ಯೋಚಿಸಲೇ ಇಲ್ಲ.

ಬೆಳಗ್ಗೆ ಮಂಚ ಸಿದ್ಧವಾಯಿತು. ಬಲದಣ್ಣನನ್ನು ಇಬ್ಬರು ಹಿಡಿದು ತಂದು ಬೋರಲು ಮಲಗಿಸಿದರು. ಎಡದಣ್ಣ ಎಣ್ಣೆ ಬಟ್ಟಲನ್ನು ಎತ್ತಿಕೊಂಡು ಬಲಕ್ಕೆ ನಿಂತ. ಎದುರಿಗೆ ಆಕಳಿಕೆ. ಇಬ್ಬರೂ ಎಣ್ಣೆ ಸುರಿದರು, ಅಂಗೈ ಬೆನ್ನ ಮೇಲಿಟ್ಟರು.

ಎಡದಣ್ಣ ಆಕಳಿಕೆಯ ಕೈ ನೋಡುತ್ತಿದ್ದ. ಆಕಳಿಕೆ ಎಡದಣ್ಣನ ಕೈ ನೋಡುತ್ತಿದ್ದ. ಎದುರಿನ ಕೈ ಚಲಿಸಿದರೆ ತನ್ನ ಕೈ ಚಲಿಸುವುದು ಎಡದಣ್ಣನಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ಎದುರಿನದು ಚಲಿಸಲಿಲ್ಲ, ಇವನದೂ ಚಲಿಸಲಿಲ್ಲ. ಆಕಳಿಕೆಯೂ ಎಡದವನೇ ಅಲ್ಲವೇ, ಅವನಿಗೂ ಅದೇ ರೂಢಿ. ಎರಡು ಕನ್ನಡಿಗಳನ್ನು ಎದುರುಬದುರು ಇಟ್ಟರೆ ಅಲ್ಲಿ ಕಾಣುವುದಕ್ಕೆ ಏನೂ ಇರುವುದಿಲ್ಲ. ಎಣ್ಣೆ ಆರತೊಡಗಿತು. ಆಕಳಿಕೆ ಒಮ್ಮೆ ಆಕಳಿಸಿದ. ಎಡದಣ್ಣನ ಬಾಯಿಯೂ ತಾನಾಗಿ ತೆರೆದುಕೊಂಡಿತು.

ಕೆಳಗಿನಿಂದ, ಮರಕ್ಕೆ ಒತ್ತಿದ ಬಾಯಿಯಿಂದ, ದನಿ ಬಂತು. "ಆಕಳಿಕೆ."

"ಹೇಳಿ ಬಲದಣ್ಣ."

"ಆ ಕಡೆ ನಿಂತಿರೋ ಗೊಂಬೆಗೆ ಹೇಳು. ಕೀ ಕೊಡೋನು ಮಲಗಿದ್ದಾನೆ ಅಂತ."

ಆಕಳಿಕೆ ಸಂಕೋಚದಿಂದ, "ಅವರು ಹೇಳ್ತಿದ್ದಾರೆ..." ಎಂದು ಶುರು ಮಾಡಿದ. ತನಗೂ ಕಿವಿಯಿದೆಯೆಂದು ಎಡದಣ್ಣ ಗದರಿದ. ಅವನ ಮುಖ ಹಬೆಪೆಟ್ಟಿಗೆಯಿಂದ ಎದ್ದು ಬಂದವನ ಮುಖದಂತೆ ಕೆಂಪಾಗಿತ್ತು. ಆಮೇಲೆ ಆ ಚಿಕಿತ್ಸೆ ನಡೆದ ರೀತಿಯನ್ನು ಚಿಕಿತ್ಸಾಲಯದಲ್ಲಿ ಬಹುಕಾಲ ಆಡಿಕೊಂಡು ನಕ್ಕರು. ಬೆನ್ನು ಹಿಡಿದು ಬಿದ್ದವನೇ ಕೆಳಗಿನಿಂದ ಈಗ ಭುಜ, ಈಗ ಪಕ್ಕೆ, ಈಗ ಸೊಂಟ ಎಂದು ಕೂಗಿ ಹೇಳುತ್ತಿದ್ದ. ಮೇಲಿದ್ದ ಇಬ್ಬರೂ ಅವನು ಹೇಳಿದ ಕಡೆ ಉಜ್ಜುತ್ತಿದ್ದರು. ಬಲಬದಿ ಸಿಕ್ಕಿತು, ಯಜಮಾನಿಕೆ ಸಿಗಲಿಲ್ಲ. ಅದು ಮಂಚದ ಮೇಲೆ ಎಣ್ಣೆ ಬಳಿದುಕೊಂಡು ಮಲಗಿತ್ತು.

ಎಡದಣ್ಣ ಮನೆಯಲ್ಲಿ ಅಭ್ಯಾಸಕ್ಕಿಳಿದ. ಹಾಸಿಗೆ ಸುತ್ತಿ ಅದನ್ನು ರೋಗಿಯೆಂದುಕೊಂಡು, ಎದುರಿಗೆ ಹೆಂಡತಿಯನ್ನು ಕೂರಿಸಿ, ತಾನು ಕೈ ಎಳೆದ ಹಾಗೆ ಅವಳೂ ಎಳೆಯಬೇಕೆಂದು ಹೇಳಿಕೊಟ್ಟ. ಅವಳು ಅವನಿಗಿಂತ ಮೊದಲೇ ಎಳೆದು ಮುಗಿಸಿದಳು. ಕಾಯಬೇಕು ಎಂದು ರೇಗಿದ. ಅವಳಿಗೆ ನಗು ತಡೆಯಲಾಗಲಿಲ್ಲ.

"ರೀ, ಮದುವೆ ಆದಾಗಿನಿಂದ ಈ ಮನೇಲಿ ಯಾವ್ದನ್ನ ಮೊದಲು ಶುರು ಮಾಡಿದ್ದೀರಿ ನೀವು? ಈಗ ಹಾಸಿಗೆ ಮುಂದೆ ಶೌರ್ಯನಾ?"

ಆದರೂ ಅವನು ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಹೇಗೋ ಕಣ್ಣು ಮುಚ್ಚಿಕೊಂಡು ತಾನೇ ಮೊದಲು ಕೈ ಎಳೆಯುವುದನ್ನು ಕಲಿತ. ಎಣ್ಣೆಯ ಕೆಲಸದಲ್ಲಿ ಆದ ಅವಮಾನಕ್ಕೆ ಮುಂದಿನ ಹಂತಗಳಲ್ಲಿ ಬಡ್ಡಿ ಸಮೇತ ವಸೂಲಿಯೂ ಆಯಿತು. ಹಬೆಪೆಟ್ಟಿಗೆಯೆಂದರೆ ಮರದ ಬೀರು. ಮೈಯೆಲ್ಲ ಒಳಗೆ, ತಲೆ ಮಾತ್ರ ಮೇಲಿನ ತೂತಿನಿಂದ ಹೊರಗೆ. ಬಲದಣ್ಣನ ತಲೆ ಹಾಗೆ ತಟ್ಟೆಯಲ್ಲಿಟ್ಟ ಕುಂಬಳಕಾಯಿಯಂತೆ ಕೂತಿರುವಾಗ ಎಡದಣ್ಣ ಎದುರಿಗೆ ಸ್ಟೂಲು ಹಾಕಿಕೊಂಡು, ತಣ್ಣೀರಿನ ಲೋಟವನ್ನು ಗುಟುಕು ಗುಟುಕಾಗಿ ಚಪ್ಪರಿಸಿದ. ಮೂಗಿನ ತುದಿಯಲ್ಲಿ ಬೆವರು ನೇತಾಡುತ್ತಿದ್ದರೂ ಒರೆಸಿಕೊಳ್ಳಲು ಕೈಯಿಲ್ಲದ ಆ ತಲೆ ಅವನನ್ನು ನುಂಗುವಂತೆ ನೋಡಿತು. ಭೇದಿಯ ದಿನ ಸೊಂಟ ಬಗ್ಗಿದವನು ಕಾರಿಡಾರಿನಲ್ಲಿ ಓಡಬೇಕಾದ ವೇಗವನ್ನು ನೋಡಲು ಎಡದಣ್ಣ ಊಟವನ್ನೂ ಮುಂದಕ್ಕೆ ಹಾಕಿ ಬಾಗಿಲ ಬಳಿ ನಿಂತಿದ್ದ. ಬಸ್ತಿಯ ವಿಷಯದಲ್ಲಿ, ನಳಿಕೆಯ ಒಂದು ತುದಿಯಲ್ಲಿ ಎಡದಣ್ಣನಿದ್ದ, ಇನ್ನೊಂದು ತುದಿಯಲ್ಲಿ ಬಲದಣ್ಣನಿದ್ದ ಎಂದಷ್ಟೇ ಹೇಳಿದರೆ ಸಾಕು. ಶತ್ರುವನ್ನು ಅಷ್ಟು ಆಳವಾಗಿ ಸೋಲಿಸಿದ ಸೇನಾಪತಿ ಇತಿಹಾಸದಲ್ಲಿ ಸಿಗಲಾರ. ಉಪ್ಪು ಖಾರವಿಲ್ಲದ ತೆಳುಗಂಜಿ ಕುಡಿದು ಕುಡಿದು ಬಾಗಿಲಿನಷ್ಟಿದ್ದ ಹೆಗಲು ಕಿಟಕಿಯಷ್ಟಾಯಿತು. ನಾಲಿಗೆ ಮಾತ್ರ ಒಂದು ಎಳೆಯೂ ಸವೆಯಲಿಲ್ಲ.

ಚಿಕಿತ್ಸೆ ಮುಗಿದ ದಿನ ಡಾಕ್ಟರು ಬಲದಣ್ಣನನ್ನು ಎದ್ದು ನಿಲ್ಲಲು ಹೇಳಿದರು. ಅವನು ನಿಂತ. ಬಲಭಾಗ ನೆಟ್ಟಗೆ ನಿಂತಿತು. ಎಡಭಾಗ ಸೊಂಟದ ಹತ್ತಿರ ಮಡಿಚಿಕೊಂಡು ಉಳಿಯಿತು. ಒಂದು ಕಡೆ ಗಟ್ಟಿ ಗೋಡೆ, ಇನ್ನೊಂದು ಕಡೆ ಕುಸಿದ ಗೋಡೆಯಿದ್ದರೆ ಮನೆ ಹೇಗೆ ವಾಲುತ್ತದೋ ಹಾಗೆ ವಾಲಿದ. ಇಬ್ಬರ ಕೈಕೆಲಸ ಒಂದೇ ಮೈಯಲ್ಲಿ ಪಕ್ಕಪಕ್ಕ ಕಾಣುತ್ತಿತ್ತು. ಎಡದಣ್ಣ ಉಜ್ಜಿದ ಅರ್ಧದ ಬಿಗಿ ಬಿಟ್ಟಿತ್ತು, ಆಕಳಿಕೆ ಉಜ್ಜಿದ ಅರ್ಧ ಆಕಳಿಸುತ್ತಿತ್ತು.

ಡಾಕ್ಟರು ಗಲ್ಲ ಉಜ್ಜಿಕೊಂಡು, ಇನ್ನೂ ಸ್ವಲ್ಪ ದಿನ ಎಣ್ಣೆ ಮುಂದುವರಿಯಲಿ ಎಂದರು. ಎಡದಣ್ಣ ಎಡಕ್ಕೆ ಬಂದರೆ ಎಲ್ಲ ಸರಿಹೋಗುತ್ತದೆಂಬುದು ಡಾಕ್ಟರೊಬ್ಬರನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಹೊಳೆದಿತ್ತು. ಬಲದಣ್ಣ ಕೇಳಬಹುದಿತ್ತು, ಅವನು ಕೇಳುವ ಬದಲು ಉಳಿದ ಆಯುಷ್ಯವನ್ನು ವಾಲಿಕೊಂಡೇ ಕಳೆಯುವುದಕ್ಕೆ ಸಿದ್ಧನಿದ್ದ. ಎಡದಣ್ಣ ಮುಂದೆ ಬರಬಹುದಿತ್ತು. ಅವನು ಛಾವಣಿಯ ಫ್ಯಾನು ನೋಡುತ್ತಿದ್ದ. ತಾನು ಮಾಡಬೇಕಾದ ಅರ್ಧವನ್ನು ಚೊಕ್ಕಟವಾಗಿ ಮಾಡಿದ್ದಾನೆ, ಯಾರೂ ಬೆರಳು ತೋರಿಸುವಂತಿಲ್ಲ. ವಾಲಿದವನು ವಾಲಿಯೇ ಇರಲಿ, ಬಲಬದಿ ತನಗಿರಲಿ. ಗೆದ್ದೆನೆಂದು ಅವನು ಆ ರಾತ್ರಿ ಗೊರಕೆ ಹೊಡೆದು ಮಲಗಿದ.

ಆದರೆ ಬಲದಣ್ಣನನ್ನು ಅವನು ಇಪ್ಪತ್ತು ವರ್ಷ ದ್ವೇಷಿಸಿದರೂ ಪೂರ್ತಿ ಅರ್ಥ ಮಾಡಿಕೊಂಡಿರಲಿಲ್ಲ.

ಬಲದಣ್ಣ ಮನೆಯಲ್ಲಿ ಮಲಗಿರಬೇಕಾದವನು ದಿನವೂ ಚಿಕಿತ್ಸಾಲಯಕ್ಕೆ ಬಂದು, ರೋಗಿಗಳು ಕಾಯುವ ಬೆಂಚಿನ ಪಕ್ಕದಲ್ಲಿ ಗೋಡೆಗೊರಗಿ ನಿಲ್ಲತೊಡಗಿದ. ಎಲ್ಲರಿಗೂ ಕಾಣುವಂತೆ ಎಡಕ್ಕೆ ವಾಲಿ ನಿಂತ. ಹಳೆಯ ರೋಗಿಗಳು ಗಾಬರಿಯಾಗಿ ವಿಚಾರಿಸುತ್ತಿದ್ದರು. ಅವನು ಯಾರ ಮೇಲೂ ದೂರು ಹೇಳುತ್ತಿರಲಿಲ್ಲ. ಬಟ್ಟೆ ಅಂಗಡಿಯ ಯಜಮಾನ ಬಂದು, ಬಲಗಡೆ ಚೆನ್ನಾಗಿದೆಯಲ್ಲ, ಎಡಗಡೆ ಯಾಕೆ ಹೀಗಾಯ್ತು, ಯಾರು ಮಾಡಿದ್ದು ಎಂದು ಕೇಳಿದಾಗ, ಸರಿಯಾಗಿದ್ದ ಒಂದು ಭುಜವನ್ನಷ್ಟೇ ಮೇಲೆತ್ತಿ ನಿಟ್ಟುಸಿರು ಬಿಟ್ಟ.

"ಬಿಡಿ ಸಾರ್. ಇಲ್ಲಿ ಎಡಗಡೆ ಕೆಲಸ ಯಾರದು ಅಂತ ನಿಮಗೇ ಗೊತ್ತಿದೆಯಲ್ಲ. ವಯಸ್ಸಾಯ್ತು ಪಾಪ, ಕೈ ಮೊದಲಿನ ಹಾಗಿಲ್ಲ."

ಯಾರ ಹೆಸರೂ ಇಲ್ಲದ ಆ ಸುಳ್ಳು ಕಾರಿಡಾರಿನ ತುದಿ ಮುಟ್ಟಿ, ಬೀದಿಗಿಳಿದು, ಸಂಜೆಯೊಳಗೆ ಎಡದಣ್ಣನ ಮನೆಯ ಮೆಟ್ಟಿಲು ಹತ್ತಿತು. ಎಡ ಸೊಂಟಕ್ಕೆ ಎಡದಣ್ಣನ ಕೈಯೇ ಬೇಕೆಂದು ಬರುತ್ತಿದ್ದ ನಿವೃತ್ತ ಮೇಷ್ಟ್ರು ಪಕ್ಕದ ಕೋಣೆಯ ಮಂಚ ಕೇಳಿದರು. ಔಷಧಿ ಅಂಗಡಿಯವನು ದಾರಿಯಲ್ಲಿ ಸಿಕ್ಕಿ, ಕೈ ಮರಗಟ್ಟುವುದಕ್ಕೆ ಒಳ್ಳೆಯ ಮಾತ್ರೆಯಿದೆಯೆಂದು ಕನಿಕರದಿಂದ ಹೇಳಿದ. ಅಕ್ಕ ತಂಗಿಯರು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿ ಮೇಲೆ ಬಂದು ಗಂಡನಿಗೆ ಹೇಳಿದಳು, "ಬಲಗಡೆ ಸಿಕ್ಕಿತು ಅಂತ ಕುಣೀತಿದ್ರಲ್ಲ. ಎಡಗಡೇನ ಭಾವ ಜೇಬಿಗೆ ಹಾಕ್ಕೊಂಡು ಹೋದರು ನೋಡಿ."

ಎಡದಣ್ಣ ಕುದಿದ. ಆ ವಾಲಿದ ಅರ್ಧ ತನ್ನದಲ್ಲವೆಂದು ಎಷ್ಟು ಜನರಿಗೆಂದು ಹೇಳುವುದು? ಕೂಗಿ ಹೇಳಿದಷ್ಟೂ ಜನ ಪಾಪ ಎನ್ನುತ್ತಿದ್ದರು. ಬಲಬದಿಯಲ್ಲಿ ನಿಂತರೆ ಎಡದ ಹೆಸರು ಮಣ್ಣುಪಾಲು. ಎಡಕ್ಕೆ ಹೋದರೆ ಷಡ್ಡಕ ನೆಟ್ಟಗಾಗಿ ಬಲಬದಿಯನ್ನು ಕಿತ್ತುಕೊಳ್ಳುತ್ತಾನೆ. ಎರಡು ದವಡೆಯ ನಡುವೆ ಅವನನ್ನಿಟ್ಟು ಬಲದಣ್ಣ ಗೋಡೆಗೊರಗಿ ತಣ್ಣಗೆ ಅಗಿಯುತ್ತಿದ್ದ.

ಮರುದಿನ ಬೆಳಗ್ಗೆ ಬಲದಣ್ಣ ಬೋರಲು ಮಲಗಿದ ಮೇಲೆ ಎಡದಣ್ಣ ಬಟ್ಟಲು ಹಿಡಿದು ಮಂಚ ಸುತ್ತಿ ಎಡಕ್ಕೆ ಬಂದ. ಆಕಳಿಕೆಯ ತೋಳು ಹಿಡಿದು ಬಲಕ್ಕೆ ತಳ್ಳಿದ. ಆಕಳಿಕೆ, ತನಗೆ ಶುರು ಮಾಡಲು ಬರುವುದಿಲ್ಲವೆಂದು ಗೊಣಗಿದ.

"ನೀನು ಶುರು ಮಾಡ್ಬೇಡ. ಸುಮ್ನೆ ನನ್ನ ಕೈ ನೋಡು."

ಎಡದಣ್ಣನ ಕೈ ಹೊರಟಿತು. ಬಲಬದಿಯಲ್ಲಿ ತಡಕಾಡುತ್ತಿದ್ದ ಅದೇ ಕೈ. ಇಲ್ಲಿ ಅದಕ್ಕೆ ಪ್ರತಿ ಎಲುಬಿನ ವಿಳಾಸ ಗೊತ್ತಿತ್ತು, ಪ್ರತಿ ಸ್ನಾಯುವಿನ ಹಟ ಗೊತ್ತಿತ್ತು. ಕೆಳಗಿನಿಂದ "ಭುಜ" ಎಂಬ ಆಜ್ಞೆ ಬಂತು. ಕೈ ಆಗಲೇ ಪಕ್ಕೆ ದಾಟಿತ್ತು. "ಪಕ್ಕೆ" ಎಂಬ ಆಜ್ಞೆ ಬರುವಷ್ಟರಲ್ಲಿ ಸೊಂಟಕ್ಕೆ ಮುಟ್ಟಿತ್ತು. ಆಕಳಿಕೆ ಬಾಯಿ ಮುಚ್ಚಿಕೊಂಡು, ಆಶ್ಚರ್ಯದಿಂದ, ಒಂದು ಬೆರಳೂ ತಪ್ಪದೆ ಹಿಂಬಾಲಿಸಿದ. ಕೆಳಗಿನ ಬಾಯಿ ಇನ್ನೆರಡು ಸಲ ಪ್ರಯತ್ನಪಟ್ಟು ಸುಮ್ಮನಾಯಿತು. ಬಲಕ್ಕೆ ನಿಲ್ಲದೆಯೂ ಶುರು ಮಾಡಬಹುದೆಂಬುದು ಇಪ್ಪತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ. ಎಡದಣ್ಣನಿಗೂ ಸಿಟ್ಟು ನೆತ್ತಿಗೇರಿದ ಮೇಲೆಯೇ ಹೊಳೆದದ್ದು.

ಎಡ ಸೊಂಟ ಆ ವಾರದಲ್ಲೇ ಶರಣಾಯಿತು. ಬೆನ್ನಿನ ಬಿಗಿ ಒಂದೊಂದಾಗಿ ಬಿಟ್ಟುಕೊಂಡಿತು. ಕಡೆಯ ದಿನ ಎಡದಣ್ಣನ ಹೆಬ್ಬೆರಳು ಕೊನೆಯ ಪಕ್ಕೆಲುಬಿನ ಕೆಳಗೆ ಒಂದು ಸಣ್ಣ ಗಂಟಿನ ಮೇಲೆ ನಿಂತಿತು. ಸಾಸಿವೆಯಷ್ಟು ಗಂಟು. ಅದನ್ನು ಹಾಗೇ ಬಿಟ್ಟರೂ ಬಲದಣ್ಣ ನೆಟ್ಟಗೆ ನಿಲ್ಲುತ್ತಾನೆ, ನಡೆಯುತ್ತಾನೆ, ಕೆಲಸಕ್ಕೂ ಬರುತ್ತಾನೆ. ಬಗ್ಗಿ, ಪಾದದಿಂದ ಸೊಂಟದವರೆಗೆ ಒಂದೇ ಉಸಿರಿನಲ್ಲಿ ಮೊದಲ ಎಳೆತ ಎಳೆಯುವಾಗ ಮಾತ್ರ ಅದು ಚುಚ್ಚುತ್ತದೆ. ಒಂದು ನಿಮಿಷ ಒತ್ತಿದ್ದರೆ ಕರಗಿಹೋಗುತ್ತಿತ್ತು. ಎಡದಣ್ಣ ಆ ಗಂಟನ್ನು ಒಮ್ಮೆ ಅಕ್ಕರೆಯಿಂದ ಸವರಿ, ಹೆಬ್ಬೆರಳನ್ನು ಎತ್ತಿಬಿಟ್ಟ.

ಡಾಕ್ಟರು ಬಲದಣ್ಣನನ್ನು ನಿಲ್ಲಿಸಿ, ನಡೆಸಿ, ಬೆಂಚಿನಲ್ಲಿ ಕಾಯುತ್ತಿದ್ದವರಿಗೆಲ್ಲ ತೋರಿಸಿದರು. ಮೋರಿ ತೊಳೆದ ಮನೆ ಹೇಗಿರುತ್ತದೆ ನೋಡಿ ಎಂದರು. ಎಡದ ಕೀರ್ತಿ ಮರಳಿತು; ಮೇಷ್ಟ್ರು ಸಂಕೋಚಪಡುತ್ತ ಹಳೆಯ ಮಂಚಕ್ಕೇ ಬಂದರು. ಕೊಟ್ಟ ಮಾತಿನಂತೆ ಬಲದಣ್ಣ ಬಲಕ್ಕೆ, 'ಬನ್ನಿ, ಸೋಲಿಸಿ ನೋಡೋಣ' ಎನ್ನುವವನ ಠೀವಿಯಲ್ಲಿ ಸೊಂಟಕ್ಕೆ ಬಟ್ಟೆ ಬಿಗಿದು ಬಂದು ನಿಂತ.

ಮಂಚದ ಮೇಲೆ ಬಟ್ಟೆ ಅಂಗಡಿಯ ಯಜಮಾನ. ಇಬ್ಬರೂ ಎಣ್ಣೆ ಸುರಿದು ಪಾದ ಹಿಡಿದರು. ಬಲದಣ್ಣ ಮೇಲಕ್ಕೆ ಎಳೆಯಲು ಹೊರಟ. ಅಷ್ಟರಲ್ಲಿ ಎಡದಣ್ಣ ತಾನೇ ಶುರು ಮಾಡಿ, ಕೆಳಕ್ಕೆ, ಬೆರಳುಗಳ ಕಡೆಗೆ ಹೊರಟಿದ್ದ. ಸ್ವಲ್ಪ ಹೊತ್ತು ಯಜಮಾನನ ಒಂದು ಕಾಲು ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋಯಿತು.

"ಏನ್ರಪ್ಪಾ ಇದು" ಎಂದು ಅವನು ಕಣ್ಣು ಬಿಟ್ಟ. "ಯಾರಾದ್ರೂ ಒಬ್ರು ತೀರ್ಮಾನ ಮಾಡಿ. ನಾನು ಮೇಲೆ ಬರಬೇಕಾ, ಕೆಳಗೆ ಹೋಗಬೇಕಾ?"

ಬಲದಣ್ಣ ಹಲ್ಲು ಕಚ್ಚಿ ಇನ್ನೊಮ್ಮೆ ಬಗ್ಗಿ ಎಳೆದ. ಅರ್ಧ ದಾರಿಯಲ್ಲಿ ಅವನ ಉಸಿರು ಸಿಕ್ಕಿಹಾಕಿಕೊಂಡಿತು, ಕೈ ನಿಂತಿತು, ಹಣೆಯಲ್ಲಿ ಬೆವರು ಒಡೆಯಿತು. ಅವನು ತಲೆಯೆತ್ತಿ ಷಡ್ಡಕನ ಮುಖ ನೋಡಿದ. ಆ ಮುಖದಲ್ಲಿ ತೊಟ್ಟಿಲ ಕೂಸಿನ ಮುಗ್ಧತೆಯಿತ್ತು. ಬಲದಣ್ಣನೂ ಆ ಕಸುಬಿನವನೇ. ಎಲ್ಲಿ ಏನು ಉಳಿದಿದೆ, ಯಾರು ಉಳಿಸಿದ್ದಾರೆ ಎಂಬುದು ಅವನಿಗೆ ಆ ಕ್ಷಣವೇ ಹೊಳೆಯಿತು. ಡಾಕ್ಟರಿಗೆ ದೂರು ಕೊಡಬಹುದಿತ್ತು. ಕೊಟ್ಟರೆ ಮತ್ತೆ ಇದೇ ಮಂಚ, ಇದೇ ಕೈ. ಮತ್ತೆ ಹಬೆಪೆಟ್ಟಿಗೆ, ತಣ್ಣೀರಿನ ಲೋಟ, ಗಂಜಿ, ನಳಿಕೆ.

ಅವನು ಕಣ್ಣು ಕೆಳಗಿಳಿಸಿ ಎಡದಣ್ಣನ ಬೆರಳುಗಳನ್ನು ನೋಡತೊಡಗಿದ. ಎಡದಣ್ಣ ಬೇಕೆಂದೇ ಒಂದಿಷ್ಟು ಕಾಯಿಸಿ, ಕೈಗೆ ಇನ್ನೂ ಸ್ವಲ್ಪ ಎಣ್ಣೆ ಸುರಿದುಕೊಂಡು, ಯಜಮಾನನ ಎಡ ಮೊಣಕಾಲಿಗೆ ಹೊರಟ. ಬಲಗಡೆಯ ಕೈಯೂ, ಶಾಪ ಹಾಕುತ್ತ, ಅದರ ಹಿಂದೆಯೇ ಹೊರಟಿತು.